ನೆಲ ಮುಟ್ಟಿದ ಪಿಕಪ್

ದೊಡ್ಡಬೆಳವಂಗಲ
14-11-2024

ಪ್ರೀತಿಯ ಯಜಮಾನರಿಗೆ,

ನಿಮ್ಮ ಸಿಂಚನ ದೂರದಿಂದಲೇ ಮಾಡುವ ನಮಸ್ಕಾರ. ಹಿಮಾಚಲದಲ್ಲಿ ಆಗಲೇ ಹಿಮ ಬೀಳುತ್ತಿದೆ ಎಂದು ಟಿ.ವಿ.ಯಲ್ಲಿ ತೋರಿಸಿದರು. ನಾನು ಕೊಟ್ಟ ಸ್ವೆಟರ್ ಹಾಕಿಕೊಳ್ಳುತ್ತಿದ್ದೀರಾ, ಇಲ್ಲ ಹೊಸದು ಹಾಳಾಗುತ್ತದೆಂದು ಟ್ರಂಕಿನಲ್ಲೇ ಮಡಗಿದ್ದೀರಾ? ಸುರಂಗದ ಧೂಳಿಗೆ ಕೆಮ್ಮು ಜಾಸ್ತಿಯಾಗಿಲ್ಲ ತಾನೇ? ದಿನವಿಡೀ ಮಣ್ಣು ಅಗೆಯುವ ಆ ಪೊಕ್ಲೇನ್ ಮೇಲೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ, ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಇಲ್ಲಿ ಅತ್ತೆ ಆರಾಮಾಗಿದ್ದಾರೆ. ಸೀಮೆಹಸು ಹೆಣ್ಣುಕರು ಹಾಕಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ.

ಈ ಕಾಲದಲ್ಲಿ ಪತ್ರ ಯಾಕೆ ಎಂದು ನಗಬೇಡಿ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು, ಸಿಗ್ನಲ್ ಇಲ್ಲ ಕಣೇ, ಅಣ್ಣನಿಗೆ ಕೊಡು ಎನ್ನುತ್ತೀರಿ. ಪತ್ರಕ್ಕೆ ಸಿಗ್ನಲ್ ಬೇಕಿಲ್ಲ, ಅರ್ಧಕ್ಕೆ ತೆಗೆದು ಅಣ್ಣನ ಕೈಗೆ ಕೊಡುವುದಕ್ಕೂ ಆಗುವುದಿಲ್ಲ.

ವಿಷಯ ನಮ್ಮ ಪಿಕಪ್ಪಿನದು. ನೀವು ಹೋದ ಮೇಲೆ ಅದು ಟಾರ್ಪಾಲಿನ ಕೆಳಗೆ ಇಲಿಗಳ ಮನೆಯಾಗಿತ್ತು. ನಾನು ಡ್ರೈವಿಂಗ್ ಕಲಿತೆ, ಲೈಸೆನ್ಸ್ ತೆಗೆದುಕೊಂಡೆ, ಅಪ್ಪಯ್ಯಣ್ಣನ ತೋಟದ ಎಲೆಕೋಸನ್ನು ಮೊದಲ ಸಲ ದೊಡ್ಡಬಳ್ಳಾಪುರದ ಮಾರ್ಕೆಟ್ಟಿಗೆ ಮುಟ್ಟಿಸಿದೆ. ಆಮೇಲೆ ನಮ್ಮ ಬೀದಿಯ ಅರ್ಧ ಜನ ನನಗೇ ಲೋಡು ಹೇಳತೊಡಗಿದರು. ಹಮಾಲಿಗಳು ಮೊದಮೊದಲು ಹಲ್ಲು ಕಿರಿದರು, ಆಮೇಲಾಮೇಲೆ ಅಕ್ಕಾ, ರಿವರ್ಸ್ ಬನ್ನಿ ಎಂದು ಜಾಗ ಬಿಟ್ಟುಕೊಟ್ಟರು. ಮದುವೆಯಾಗಿ ಬಂದ ಮೇಲೆ ಈ ಊರಿನಲ್ಲಿ ಯಾರಾದರೂ ನನಗಾಗಿ ಕಾದು ನಿಂತಿದ್ದರೆ ಅದು ಲೋಡು ಹೊರಡುವ ಆ ಬೆಳಗಿನ ಹೊತ್ತಿನಲ್ಲೇ. ನಿಮಗೆ ಹೇಳಿದಾಗ ಹೂಂ ಅಂದಿರಿ. ಆ ಹೂಂ ಅನ್ನೇ ಖುಷಿ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಹೋದ ತಿಂಗಳು ತಂಗಿಯ ಮಗುವಿನ ನಾಮಕರಣಕ್ಕೆ ಸೂಲಿಬೆಲೆಗೆ ಹೋಗಿದ್ದೆನಲ್ಲ, ವಾಪಸ್ಸು ಬಂದು ನೋಡುತ್ತೇನೆ, ಅಂಗಳದಲ್ಲಿ ನಮ್ಮ ಗಾಡಿ ಕಾಲು ಮುರಿದ ಎಮ್ಮೆಯ ಹಾಗೆ ಕೂತಿದೆ. ನಿಮ್ಮ ಅಣ್ಣ, ಮನೋಹರ್ ಭಾವ, ಅದನ್ನು ಸೈಜುಗಲ್ಲಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನುಪಟ್ಟಿಗಳಲ್ಲಿ ಅರ್ಧಕ್ಕರ್ಧ ಬಿಚ್ಚಿ ತೆಗೆದಿದ್ದರು. ಕೇಳಿದರೆ, ಈಗಿನ ಹುಡುಗರೆಲ್ಲ ಗಾಡಿ ತಗ್ಗಿಸೋದೇ ಫ್ಯಾಷನ್ನು ಎಂದರು. ಮದುವೆಗೆ ಬಂದ ಮಗಳಿರುವ ಮನುಷ್ಯನಿಗೆ ಈಗ ಹುಡುಗರ ಫ್ಯಾಷನ್ನು! ಬಿಚ್ಚಿದ ಪಟ್ಟಿಗಳನ್ನು ಗುಜರಿಗೆ ಹಾಕಿದೆ ಎಂದೂ ಹೇಳಿದರು.

ಮಾರನೆಯ ದಿನವೇ ಅಪ್ಪಯ್ಯಣ್ಣನ ಲೋಡಿತ್ತು. ಮಾತು ಕೊಟ್ಟಿದ್ದೆ, ಹೋದೆ. ಕೆರೆಕೋಡಿಯ ಮೋರಿ ಹತ್ತಿಸುವಾಗ ಗಾಡಿಯ ಹೊಟ್ಟೆ ಕಲ್ಲಿಗೆ ಉಜ್ಜಿತು, ಟೈರು ಮೇಲಿನ ತಗಡಿಗೆ ತಾಗಿ ಹೊಗೆ ಬಂತು. ರಸ್ತೆಗೆ ಅಡ್ಡಲಾಗಿ ಸಿಕ್ಕಿಬಿದ್ದೆ. ಹಿಂದೆ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯ ಶಿಫ್ಟಿನ ಬಸ್ಸು ಹಾರ್ನ್ ಹೊಡೆಯುತ್ತಾ ನಿಂತಿತು. ಜನ ಇಳಿದು ಬಂದು ನನ್ನ ಮುಖ ನೋಡಿದರು, ಗಾಡಿಯ ಕೆಳಗೆ ಒಬ್ಬನೂ ಬಗ್ಗಿ ನೋಡಲಿಲ್ಲ. ಹೆಂಗಸರ ಕೈಗೆ ಗಾಡಿ ಕೊಟ್ಟರೆ ಹಿಂಗೇ ಗುರು ಎಂದು ಯಾರೋ ಅಂದ. ಕ್ರೇಟುಗಳನ್ನೆಲ್ಲ ರಸ್ತೆಗಿಳಿಸಿ ಬೇರೆ ಗಾಡಿಗೆ ತುಂಬಿದರು. ಅಪ್ಪಯ್ಯಣ್ಣ ಬೈಯಲೂ ಇಲ್ಲ. "ಬೇಜಾರು ಮಾಡ್ಕೋಬೇಡ ಕಣವ್ವ, ನಾಳೆಯಿಂದ ಬೇರೆಯೋರಿಗೆ ಹೇಳ್ಕೋತೀನಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವತ್ತಿನಿಂದ ಯಾರೂ ನನಗೆ ಲೋಡು ಹೇಳಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನೀವು ಎಷ್ಟು ಪಟ್ಟಿ, ಯಾರು ಬಿಚ್ಚಿದ್ದು ಎಂದು ಒಂದು ಮಾತೂ ಕೇಳಲಿಲ್ಲ. ಬಾಗಿಲಿಗೆ ಗೀರು ಬಿದ್ದರೆ ಊಟ ಬಿಡುತ್ತಿದ್ದವರು ನೀವು. ನಿನ್ನ ಕೈಲಾಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಎಂದಷ್ಟೇ ಅಂದಿರಿ. ಅತ್ತುಬಿಟ್ಟೆ. ಆಮೇಲೆ, ಪಾಪ, ದಣಿದಿರುತ್ತಾರೆ ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಈಗ ಕೇಳುವುದಿಷ್ಟೇ. ಭಾವ ನನ್ನ ಮಾತಿಗೆ ಬೆಲೆ ಕೊಡುವುದಿಲ್ಲ. ಗಾಡಿಯ ಮಾತೆತ್ತಿದರೆ ಅತ್ತೆ ಎದ್ದು ಕೊಟ್ಟಿಗೆಗೆ ಹೋಗುತ್ತಾರೆ. ಗಾಡಿಯನ್ನು ಮೊದಲಿದ್ದ ಹಾಗೆ ಎತ್ತರ ಮಾಡಿಕೊಡು ಎಂದು ನಿಮ್ಮ ಅಣ್ಣನಿಗೆ ನೀವೇ ಹೇಳಿ. ನಿಮ್ಮದೊಂದು ಮಾತು ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕೆಮ್ಮಿಗೆ ಮೆಣಸಿನ ಕಷಾಯ ಮರೆಯಬೇಡಿ. ಜೊತೆಯಲ್ಲಿರುವವರಿಗೆಲ್ಲ ನಾನು ಕೇಳಿದೆನೆಂದು ಹೇಳಿ. ದೇವರು ನಿಮ್ಮನ್ನು ಆ ಬೆಟ್ಟದ ಕೆಳಗೆ ತಣ್ಣಗಿಟ್ಟಿರಲಿ.

ನಿಮ್ಮವಳೇ ಆದ
ಸಿಂಚನ

ತಾ.ಕ.: ಕವರು ಅಂಟಿಸಲು ಅನ್ನದ ಅಗುಳಿಗೆಂದು ಅಡುಗೆಮನೆಗೆ ಹೋದೆ. ಏನು ಬರೆದೆ ಎಂದು ಅತ್ತೆ ಕೇಳಿದರು, ಹೇಳಿದೆ. ಅವರು ಹೊಸಲಿನ ಮೇಲೆ ಕೂತುಬಿಟ್ಟರು. "ಅವ್ನಿಗ್ಯಾಕೆ ಬರೀತೀಯವ್ವ? ಬಿಚ್ಚಿಸ್ದೋನೇ ಅವ್ನು. ಗಾಡಿ ಕೆಳಗೆ ಫೋನ್ ಹಿಡ್ಕೊಂಡು ತೋರಿಸ್ದೋಳು ನಾನು" ಎಂದರು. ನೀವು ವಿಡಿಯೋದಲ್ಲಿ ನೋಡುತ್ತಾ ಯಾವ ಬೋಲ್ಟು, ಎಷ್ಟು ಪಟ್ಟಿ ಎಂದು ಒಂದೊಂದಾಗಿ ಹೇಳಿಕೊಟ್ಟಿರಂತೆ. ನನ್ನ ಜೊತೆ ಎರಡು ಮಾತಿಗೆ ಸಿಗದ ಸಿಗ್ನಲ್ಲು ಕೆಲಸ ಮುಗಿಯುವವರೆಗೂ ಸಿಕ್ಕಿತಂತೆ. "ಒಂದು ಲೋಡ್ ಹಾಕ್ಲಿ ಅಣ್ಣ, ಅವಳೇ ಬಿಟ್ಬಿಡ್ತಾಳೆ" ಎಂದಿರಂತೆ. ಪಟ್ಟಿಗಳು ಗುಜರಿಗೆ ಹೋಗಿಲ್ಲ. ಅತ್ತೆ ಅವನ್ನು ಕೊಟ್ಟಿಗೆಯ ಹುಲ್ಲಿನ ಕೆಳಗೆ ಅಡಗಿಸಿಟ್ಟಿದ್ದರು, ಅವರೇ ಎಳೆದು ತಂದು ಹಾಕಿದರು. ಬಾಶೆಟ್ಟಿಹಳ್ಳಿಯಿಂದ ಮೆಕ್ಯಾನಿಕ್ ನರೇಶ್ ಬಂದು ಈಗ ಗಾಡಿಯ ಕೆಳಗೆ ಮಲಗಿದ್ದಾನೆ. ಅತ್ತೆ ಟಾರ್ಚು ಹಿಡಿದಿದ್ದಾರೆ. ಭಾವ ಹೊರಗೆ ಬಂದರು, ಒಳಗೆ ನಡಿ ಎಂದರು ಅತ್ತೆ, ಹೋದರು. ಮೇಲೆ ಕೇಳಿದ ಆ ಒಂದು ಮಾತು ಇನ್ನು ಬೇಡ, ಅಣ್ಣನಿಗೆ ಹೇಳುವ ಮಾತನ್ನು ನೀವು ಆಗಲೇ ಆಡಿಯಾಗಿದೆ. ನಾಳೆ ಬೆಳಿಗ್ಗೆ ಅಪ್ಪಯ್ಯಣ್ಣನ ಬಾಗಿಲಿಗೆ ಹೋಗಿ ಲೋಡು ಕೇಳುತ್ತೇನೆ. ರಜಕ್ಕೆ ಬಂದಾಗ ನಿಮಗೆ ಗಾಡಿ ಬೇಕಾದರೆ ಕೀ ನನ್ನನ್ನು ಕೇಳಿ.