ಊರುಗೋಲಿನ ಹಿಡಿಕೆ

ಅಮ್ಮನವರಿಗೆ ನಮಸ್ಕಾರ.

ನಾನು ನಿಮ್ಮ ಮಗಳ ಜೊತೆ ಇಂಟರ್ನೆಟ್ಟಿನಲ್ಲೇ ಊರುಗೋಲಿನ ಹಿಡಿಕೆಯ ವಿನ್ಯಾಸ ಮಾಡುತ್ತಿದ್ದವನು. ಅವಳ ಮುಖ ನೋಡಿಲ್ಲ, ದನಿ ಗೊತ್ತು. "ಅಮ್ಮನ ಕೈಲಿ ಹಿಡಿಸಿ ನೋಡ್ದೆ, ಇನ್ನೂ ಜಾರುತ್ತೆ ಕಣೋ" ಎಂದು ನನ್ನ ನಕ್ಷೆಯನ್ನು ವಾಪಸ್ ಕಳಿಸುತ್ತಿದ್ದಳು. ಈಗ ಹಿಡಿಕೆ ಜಾರುತ್ತಿಲ್ಲ ತಾನೇ?

ಒಂದು ಉಪಕಾರವಾಗಬೇಕು. ಅವಳು ತೀರಿಕೊಂಡ ಮೇಲೂ ಅವಳ ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದೇ ಇದೆ. ನಮ್ಮ ಆಫೀಸಿನ ವ್ಯವಸ್ಥೆಯಲ್ಲಿ ಒಬ್ಬರು ತೆರೆದಿಟ್ಟಿದ್ದನ್ನು ಇನ್ನೊಬ್ಬರು ತಿದ್ದಲಾಗುವುದಿಲ್ಲ. ನನ್ನ ಪರದೆಯ ಮೇಲೆ ಇವತ್ತಿಗೂ ಅವಳ ಹೆಸರಿನ ಪಕ್ಕ "ಕೆಲಸದಲ್ಲಿದ್ದಾರೆ" ಎಂದೇ ಬರುತ್ತಿದೆ. ಲ್ಯಾಪ್‌ಟಾಪ್ ಆರಿಸುವಂತೆ ನಿಮ್ಮನ್ನು ಕೇಳಬೇಕೆಂದು ನಮ್ಮ ಮ್ಯಾನೇಜರ್ ಹೇಳಿದರು. ಕೇಳಿದ್ದೇನೆ.

ನೀವು ಮರೆತರೆ ನಾನು ನೆನಪಿಸುವುದಿಲ್ಲ.

ಇಂತಿ,
ಅವಳು 'ದಪ್ಪಗೆರೆ' ಎಂದು ಕರೆಯುತ್ತಿದ್ದವನು