ಇಂಗ್ಲಿಷಿನ ಒಂದು ಸಾಲು

ಸಿಂಧನೂರು, ೧೨ ಜೂನ್ ೨೦೨೪, ಬೆಳಿಗ್ಗೆ

ಸ್ನಾನ. ಪತ್ರಿಕೆ. ಪತ್ರಿಕೆಯ ತಪ್ಪುಗಳಿಗೆ ಕೆಂಪು ಗೆರೆ. ಅಷ್ಟರಲ್ಲಿ ಮಸ್ಕಿಯ ಗ್ರಂಥಪಾಲಕಿ ಉಮಾದೇವಿಯ ಕರೆ — ಗಣಕ ಕೆಟ್ಟಿದೆ. ಗ್ಯಾನಪ್ಪನೂ ನಾನೂ ಕಟ್ಟಿದ ಶುದ್ಧ ಕನ್ನಡದ ಗಣಕವ್ಯವಸ್ಥೆ; ಯಂತ್ರ ಅವನದು, ನುಡಿ ನನ್ನದು. ಈಗ ಬಳಕೆಯಲ್ಲಿರುವುದು ಅದೊಂದೇ ಕಡೆ. ಅಲ್ಲಿ ನಿಂತರೆ ಎಲ್ಲವೂ ಮುಗಿದಂತೆ. ಹೊಸ ಯಂತ್ರಗಳಲ್ಲಿ ಅದು ನಡೆಯದು. ಅಗ್ಗದ ಹಳೆಯದನ್ನೇ ಹುಡುಕಬೇಕು.

೧೬ ಜೂನ್

ಲಿಂಗಸುಗೂರು. ಗ್ಯಾನಪ್ಪನ ದುರಸ್ತಿ ಅಂಗಡಿಯಲ್ಲಿ ಎರಡು ಹಳೆಯ ಗಣಕದ ಪೆಟ್ಟಿಗೆ, ಬೆಲೆ ಒಂದೇ. ಬ್ಯಾಂಕಿನಿಂದ ಬಂದದ್ದು ಗಟ್ಟಿ. ಆದರೆ ಪ್ರತಿ ಸಲ ತೆರೆಯುವಾಗಲೂ ಇಂಗ್ಲಿಷಿನ ಒಂದು ಸಾಲು ತೋರಿಸಿ ನಿಲ್ಲುತ್ತದೆ. ಗುಂಡಿ ಒತ್ತಿದರಷ್ಟೇ ಮುಂದೆ. ಅದನ್ನು ತೆಗೆಯಲು ಬಾರದಂತೆ ಬೀಗ ಹಾಕಿದ್ದಾರೆ. ಮುಚ್ಚಿಹೋದ ಮುದ್ರಣಾಲಯದ ಪೆಟ್ಟಿಗೆ ನೇರವಾಗಿ ಕನ್ನಡಕ್ಕೇ ತೆರೆಯುತ್ತದೆ.

"ಅದರ ಬೋರ್ಡಿಗೆ ಎರಡು ಸಲ ಬೆಸಿಗಿ ಹಾಕೀನ್ರಿ ಸರ್. ಬಾಳ ದಿನ ತಡಿಯಂಗಿಲ್ಲ."

"ಮೊದಲ ಸಾಲೇ ಇಂಗ್ಲಿಷಾದರೆ ಶುದ್ಧವೆಂದು ಯಾವ ಬಾಯಿಂದ ಹೇಳಲಿ?"

"ಒಂದು ಬಟನ್ ಒತ್ತಿದ್ರ ಮೈಲಿಗಿ ಆಗ್ತೀರೇನ್ರಿ?"

ನಕ್ಕ. ನಾನು ನಗಲಿಲ್ಲ. ಮುದ್ರಣಾಲಯದ್ದನ್ನೇ ಕೊಂಡೆ.

೩ ಜುಲೈ, ಸಂಜೆ

ಮಸ್ಕಿಯಲ್ಲಿ ವಿದ್ಯುತ್ತು ಹೋಗಿ ಬಂತಂತೆ. ಪೆಟ್ಟಿಗೆ ಸುಟ್ಟುಹೋಯಿತು. ಬ್ಯಾಂಕಿನದು ಇದೆಯೇ ಎಂದು ಗ್ಯಾನಪ್ಪನನ್ನು ಕೇಳಿದೆ.

"ಹೋತ್ರಿ ಅದು."

ಎಲ್ಲಿಗೆ ಎಂದು ಕೇಳದೆ ದೂರವಾಣಿ ಕೆಳಗಿಟ್ಟೆ.

೧೯ ಆಗಸ್ಟ್

ಉಮಾದೇವಿ ಕರೆಸಿದ್ದಳು. ಮಸ್ಕಿಯ ಮೇಜಿನ ಮೇಲೆ ಅದೇ ಬ್ಯಾಂಕಿನ ಪೆಟ್ಟಿಗೆ. ಗ್ಯಾನಪ್ಪ ಜುಲೈಯಲ್ಲೇ ತಂದು ಜೋಡಿಸಿದ್ದಾನೆ... ನನಗೆ ತಿಳಿಸದೆ.

"ನೀವಽ ಒತ್ರಿ ಸರ್," ಎಂದಳು.

ಒತ್ತಿದೆ. ಇಂಗ್ಲಿಷಿನ ಸಾಲು ಹೋಗಿ ಕನ್ನಡ ಬಂತು. 'ಗ್ರಂಥವಿತರಣೆ' ಎಂದು ನಾನು ಬರೆದಿದ್ದಲ್ಲಿ 'ಬುಕ್ ಕೊಡು'. 'ಪ್ರತ್ಯರ್ಪಣೆ' ಇದ್ದಲ್ಲಿ 'ವಾಪಸ್ ಬಂತು'.

"ಯಾರು ಬದಲಿಸಿದರು?"

"ಗ್ಯಾನಪ್ಪಗ ನಾನಽ ಹೇಳಿದ್ನಿರಿ. ಮೊದಲಿಂದು ನಂಗ ತಿಳೀತಿದ್ದಿಲ್ರಿ. ಓದದಽ, ಎಷ್ಟನೇ ಸಾಲಂತ ಎಣಿಸಿ ಎಣಿಸಿ ಒತ್ತತಿದ್ನಿ, ಇಷ್ಟು ವರ್ಷ. ನಿಮಗ ಬ್ಯಾಸರ ಆಗತೈತಂತ ಅಂದಿದ್ದಿಲ್ಲ."

ಗೊರೇಬಾಳದ ಗ್ರಂಥಾಲಯದವರೂ ಇಂಥದೊಂದು ಬೇಕೆಂದು ಕೇಳಿದ್ದಾರಂತೆ. ಉಳಿಯಿತು. ನನ್ನನ್ನು ಬಿಟ್ಟೇ ಉಳಿಯಿತು. ಚಹಾ ತಂದಿಟ್ಟಳು, ಮುಟ್ಟಲಿಲ್ಲ. ಪರದೆಯ ಅಡಿಯಲ್ಲಿ ನನ್ನ ಹೆಸರು ಇನ್ನೂ ಇದೆ — 'ನುಡಿ: ಆದಪ್ಪ ಮಾಸ್ತರು'. ಅದನ್ನೂ ಅಳಿಸಿಬಿಡು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಹೆಂಗಸು ಪುಸ್ತಕ ಹಿಡಿದು ಬಂದಳು. ಉಮಾದೇವಿ ಪರದೆಯನ್ನು ಓದಿದಳು. ಎಣಿಸದೆ ಒತ್ತಿದಳು. ಅದನ್ನು ಕಂಡು ನಾನು ಹೆಸರು ಅಳಿಸೆನ್ನದೆ ಆರಿದ ಚಹಾ ಎತ್ತಿಕೊಂಡೆ.