ಡಬ್ಬಿಯೊಳಗಿನ ಹತ್ತಿ

ಮಂಗಳವಾರ, ಮಧ್ಯಾಹ್ನ

ಇವರಿಗೆ,

ಮೇಲೆ ಏನು ಬರೆಯಬೇಕು ಅಂತ ಯೋಚಿಸಿ ಯೋಚಿಸಿಯೇ ಎರಡು ಹಾಳೆ ದಂಡವಾಯಿತು. 'ಪ್ರೀತಿಯ' ಅಂತ ಬರೆಯಲು ಕೈ ಏಳಲಿಲ್ಲ. 'ಮಾನ್ಯರೇ' ಅಂತ ಬರೆದು ನೋಡಿದೆ, ನಲ್ಲಿ ನೀರು ಬರುತ್ತಿಲ್ಲ ಅಂತ ಅರ್ಜಿ ಹಾಕಿದ ಹಾಗಿತ್ತು. ನಿಮ್ಮನ್ನು ನಾನು ಯಾವಾಗಲೂ ಕರೆದದ್ದು 'ಇವರೇ, ಸ್ವಲ್ಪ ಇಲ್ಲಿ ಕೇಳಿ' ಅಂತ ತಾನೇ. ಅದೇ ಇರಲಿ. ಅರ್ಧಕ್ಕೆ ಸ್ಕೂಲು ಬಿಟ್ಟವಳು, ಒತ್ತಕ್ಷರ ತಪ್ಪಿದ್ದರೆ ನಗಬೇಡಿ. ಅಥವಾ ನಗಿ, ಇಲ್ಲಿಗೆ ಕೇಳಿಸುವುದಿಲ್ಲವಲ್ಲ.

ಬೆಳಿಗ್ಗೆ ನಿಮ್ಮ ಅಕ್ಕ ಬಂದಿದ್ದರು. ಚಪ್ಪಲಿ ಬಿಡುವ ಮೊದಲೇ ವಿಷಯಕ್ಕೆ ಬಂದರು. "ಅವನಿಗೆ ಆ ಡಬ್ಬಿ ಬೇಕಂತೆ ಕಣೇ. ನಾಳೆ ಗಾಡಿ ತರಿಸ್ತೀನಿ. ನೀನು ಬಾಗಿಲು ತೆಗೆದಿಟ್ಟಿದ್ರೆ ಸಾಕು." ಯಾವ ಡಬ್ಬಿ ಅಂತ ನಾನು ಏನೂ ತಿಳಿಯದವಳ ಹಾಗೆ ಕೇಳಿದೆ. "ಅದೇ, ಹಾಡು ಹಾಕಿದ್ರೆ ಗುಡುಗೋ ಡಬ್ಬಿ" ಅಂದರು. ಹಾಗೇ ಕೊಡೋದಕ್ಕೆ ಆಗಲ್ಲ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಂಡ ಹೊರಟಾಗ ಇಷ್ಟು ಹಟ ಹಿಡಿದಿದ್ರೆ ಗಂಡನೇ ಉಳೀತಿದ್ದ. ಹಲಗೆ ಡಬ್ಬಿಗೆ ಯಾಕೆ ಹೀಗಾಡ್ತೀಯೇ ಮಾರಾಯ್ತಿ?" ಅಂದುಬಿಟ್ಟರು. ನಾನು ಟೀ ಇಡಲು ಒಳಗೆ ಹೋದೆ. ಹಾಲು ಉಕ್ಕಿತು.

ಯಾಕೆ ಅಂತ ಅವರಿಗೆ ಹೇಳಲಿಲ್ಲ. ನಿಮಗೆ ಹೇಳಬೇಕಾಗಿಯೂ ಇಲ್ಲ. ಆ ಡಬ್ಬಿಯೊಳಗೆ ನಮ್ಮ ಮಗುವಿನ ಹಾಸಿಗೆಯ ಹತ್ತಿ ಇದೆ. ಡಬ್ಬಿ ನಿಮ್ಮದು, ಹತ್ತಿ ನನ್ನದು.

ನೀವು ನನ್ನನ್ನು ಚಿಂತೆಯ ಕಾರ್ಖಾನೆ ಅನ್ನುತ್ತಿದ್ದಿರಿ. ಆ ಕಾರ್ಖಾನೆಗೆ ಇವತ್ತು ರಜೆ ಇಲ್ಲ. ಅಕ್ಕ ಹೋದಾಗಿನಿಂದ ಒಂದೇ ಯೋಚನೆ. ಆಳುಗಳು ಮೆಟ್ಟಿಲ ತಿರುವಿನಲ್ಲಿ ಕೈ ಬಿಟ್ಟರೆ? ನೀವು ಈಗಿರುವ ರೂಮು ನೆಲಮಾಳಿಗೆಯಂತೆ, ಗೋಡೆಗೆ ತೇವವಂತೆ, ಹತ್ತಿ ಮುಗ್ಗಲು ಹಿಡಿದರೆ? ಯಾರಾದರೂ ಸ್ನೇಹಿತರು ಬಂದು ಅದರ ಮೇಲೆ ಲೋಟ ಇಟ್ಟರೆ? ಅದರೊಳಗೆ ಏನಿದೆ ಅಂತ ಅವರಿಗೇನು ಗೊತ್ತು. ನೀವಂತೂ ಹೇಳುವವರಲ್ಲ.

ಮಗು ಹೋದ ಮೇಲೆ ಮನೆಗೆ ಬಂದವರೆಲ್ಲ ನನ್ನ ಹತ್ತಿರ ಕೂತು ಅತ್ತರು. ನೀವು ಹಲಗೆ ತಂದಿರಿ. ಇಡೀ ದಿನ ಊರವರ ಲಿಫ್ಟು ರಿಪೇರಿ ಮಾಡಿ, ಮನೆಗೆ ಬಂದರೆ ಊಟದ ಮೇಜಿನ ಮೇಲೆ ನಕ್ಷೆ ಬರೆಯುತ್ತಾ ಕೂರುತ್ತಿದ್ದಿರಿ. ಹಾಡಿನ ತಳದ ಸದ್ದು, ಕಿವಿಗಿಂತ ಎದೆಗೆ ಕೇಳುವ ಸದ್ದು, ಅದಕ್ಕೇ ಒಂದು ಬೇರೆ ಡಬ್ಬಿ ಬೇಕು ಅಂದಿರಿ. ಇಷ್ಟು ಅಗಲದ ಸ್ಪೀಕರಿಗೆ ಇಷ್ಟು ಲೀಟರು ಗಾಳಿ ಅಂತ ಲೆಕ್ಕ. ಗಾಳಿಯನ್ನೂ ಲೀಟರಿನಲ್ಲಿ ಅಳೆಯುತ್ತಾರೆ ಅಂತ ಗೊತ್ತಾದದ್ದೇ ಆಗ. ಹಾಲಿನವನ ಕಿವಿಗೆ ಬೀಳದಿರಲಿ, ಅದನ್ನೂ ಲೀಟರಿಗಿಷ್ಟು ಅಂತ ಅಳೆದು ಮಾರಿಯಾನು ಅಂದೆ. ನೀವು ನಗಲಿಲ್ಲ. ಎಷ್ಟೋ ವಾರದ ಮೇಲೆ ನಾನು ಆಡಿದ ಮೊದಲ ತಮಾಷೆ ಅದು.

ಆದರೂ ನಿಮ್ಮ ಜೊತೆ ನಿಂತೆ. ಅಳತೆ ಟೇಪಿನ ಇನ್ನೊಂದು ತುದಿ ಹಿಡಿದೆ. ನೀವು ಗರಗಸ ಎಳೆಯುವಾಗ ಹಲಗೆಯ ಮೇಲೆ ಕೂತೆ. ಒಳಗಿನ ಮೂಲೆಗಳಲ್ಲಿ ಗಾಳಿ ಸೋರಬಾರದು ಅಂತ ಅಂಟು ತೀಡಬೇಕಿತ್ತು. ಸ್ಪೀಕರಿನ ತೂತಿನಲ್ಲಿ ನಿಮ್ಮ ತೋಳು ಮೂಲೆಗೆ ತಿರುಗಲಿಲ್ಲ, ನನ್ನದು ತಿರುಗಿತು. ಒಂದೊಂದು ಮೂಲೆಯನ್ನೂ ಬೆರಳಿನಿಂದ ತೀಡಿದವಳು ನಾನು. ಆ ಅಂಟಿನ ವಾಸನೆ ಕೈಯಿಂದ ಹೋಗದೆ, ಹಾಸಿಗೆ ಅಂಗಡಿಯಲ್ಲಿ ನನ್ನ ಪಕ್ಕದ ಮೆಷಿನ್ನಿನವಳು ಮೂಗು ಮುಚ್ಚಿಕೊಂಡು ಹೊಲಿಯುತ್ತಿದ್ದಳು.

ಅಷ್ಟು ಮಾಡಿದರೂ ಡಬ್ಬಿ ಕೆಟ್ಟಿತು. ಹೊರಗಿನ ಅಳತೆ ಹಿಡಿದು ಒಳಗಿನ ಗಾಳಿಯ ಲೆಕ್ಕ ಮಾಡಿದ್ದಿರಿ. ಹಲಗೆಯ ದಪ್ಪ ಕಳೆಯುವುದನ್ನೇ ಮರೆತಿದ್ದಿರಿ, ಒಳಗೆ ಕೊಟ್ಟ ಆಧಾರದ ಪಟ್ಟಿಗಳನ್ನೂ ಮರೆತಿರಿ. ಅಂಟು ಒಣಗಿ ಕಲ್ಲಾದ ಮೇಲೆ ಗೊತ್ತಾಯಿತು. ಯಾವ ಹಾಡು ಹಾಕಿದರೂ ಒಂದೇ ಸದ್ದು, ಖಾಲಿ ಡ್ರಮ್ಮಿಗೆ ಗುದ್ದಿದ ಹಾಗೆ ಗುಂಯ್ ಗುಂಯ್. ಕೆಳಗಿನ ಮನೆಯ ಟೀಚರು ಮೇಲೆ ಬಂದು, "ಹಾಡು ನಿಮ್ದು, ಕುಣಿಯೋದು ಮಾತ್ರ ನಮ್ಮನೆ ತಟ್ಟೆ" ಅಂದರು. ನೀವು ನನ್ನ ಕಡೆ ತಿರುಗಿ, "ಅಳತೆ ಹಿಡಿದಿದ್ದು ಯಾರು?" ಅಂದಿರಿ. ಟೀಚರ ಎದುರಿಗೇ.

ಮತ್ತೆ ಉಪಾಯ ಹುಡುಕಿದಿರಿ. ಒಳಗೆ ಹತ್ತಿಯಂಥದ್ದು ಏನಾದರೂ ತುಂಬಿದರೆ ಗಾಳಿಯ ಓಟ ನಿಧಾನವಾಗುತ್ತದೆ, ಸಣ್ಣ ಡಬ್ಬಿ ತಾನು ದೊಡ್ಡದು ಅಂದುಕೊಳ್ಳುತ್ತದೆ ಅಂದಿರಿ. ನಿಮ್ಮ ಭಾವನ ಹಾಗೆ ಅಂದೆ. ಅದಕ್ಕೆ ಮಾತ್ರ ನಕ್ಕಿರಿ. ಅಂಗಡಿಯಿಂದ ಉಳಿದ ಹತ್ತಿ ತಂದುಕೊಡುತ್ತೇನೆ, ಸ್ವಲ್ಪ ತಾಳಿ ಅಂತ ಹೇಳಿದ್ದೆ. ನಿಮಗೆ ತಾಳ್ಮೆ ಎಲ್ಲಿಂದ ಬರಬೇಕು. ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಸ್ಪೀಕರು ಕೂತಿತ್ತು, ಮನೆಯೆಲ್ಲ ಮೆತ್ತಗೆ ತುಂಬಿಕೊಂಡ ಹಾಗೆ ಹಾಡು. ಚೆನ್ನಾಗಿದೆ ಅಂದೆ. ಹೌದು, ನಾನೇ ಅಂದೆ.

ಚಳಿ ಶುರುವಾದಾಗ ಕಂಬಳಿಗೆ ಅಂತ ಅಟ್ಟ ಹತ್ತಿದೆ. ಮಗುವಿನ ಹಾಸಿಗೆ ಇಟ್ಟ ಜಾಗದಲ್ಲಿ ಅದರ ಗವಸು ಮಾತ್ರ ಇತ್ತು, ನಾಲ್ಕು ಮಡಿಕೆ ಮಾಡಿ. ನಾನೇ ಹಿಂಜಿ, ನಾನೇ ತುಂಬಿ, ಗಂಟು ಒತ್ತಬಾರದು ಅಂತ ಕೆನ್ನೆಗೆ ಒತ್ತಿ ನೋಡಿ ಹೊಲಿದ ಹಾಸಿಗೆ ಅದು. ಇಳಿದು ಬಂದು ಕೇಳಿದೆ. ನೀವು ಟೀವಿಯಿಂದ ಕಣ್ಣು ತೆಗೆಯದೆ, "ಸುಮ್ನೆ ಬಿದ್ದಿತ್ತಲ್ಲ. ಡಬ್ಬಿಗೆ ಹಾಕಿದೆ" ಅಂದಿರಿ.

ಸುಮ್ಮನೆ ಬಿದ್ದಿತ್ತಂತೆ.

ಆಮೇಲೆ ನಾನು ಮಾತು ಬಿಟ್ಟೆ. ನೀವು ಯಾಕೆ ಅಂತ ಕೇಳಲೂ ಇಲ್ಲ. ಇವಳದ್ದು ಇದ್ದದ್ದೇ ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಕೇಳಿಸಿಕೊಂಡೆ. ಆದರೆ ಒಂದು ದಿನ ನೀವು ಹಾಡು ಹಾಕಿದ್ದಾಗ ನೆಲ ಒರೆಸುತ್ತಾ ಬಂದು, ಆಯ ತಪ್ಪಿ ಡಬ್ಬಿಗೆ ಕೈ ಊರಿದೆ. ಅಂಗೈ ಕೆಳಗೆ ಅದು ಉಸಿರಾಡುತ್ತಿತ್ತು. ಜ್ವರ ಬಂದಾಗ ಮಗುವಿನ ಬೆನ್ನ ಮೇಲೆ ಕೈಯಿಟ್ಟರೆ ಸಿಗುತ್ತಿತ್ತಲ್ಲ, ಹಾಗೇ. ಅಂದಿನಿಂದ ಸಂಜೆ ನೀವು ಹಾಡು ಹಾಕಿದರೆ ನಾನು ಅದರ ಪಕ್ಕ ಕೂತು ಬಟ್ಟೆ ಮಡಚುವ ನೆಪದಲ್ಲಿ ಒಂದು ಕೈ ಅದರ ಮೇಲಿಟ್ಟಿರುತ್ತಿದ್ದೆ. ನೀವು ನೋಡಿದ್ದೀರಿ. ನೋಡಿ, ಜೋರಿನ ಹಾಡು ತೆಗೆದು ನಿಧಾನದ್ದು ಹಾಕುತ್ತಿದ್ದಿರಿ. ಇವರಿಗೂ ಅರ್ಥವಾಗಿದೆ, ಬಾಯಲ್ಲಿ ಹೇಳಲು ಬರುವುದಿಲ್ಲ ಅಷ್ಟೇ ಅಂದುಕೊಂಡೆ. ಅದೊಂದಕ್ಕೋಸ್ಕರ ಉಳಿದದ್ದನ್ನೆಲ್ಲ ನುಂಗಿದೆ.

ಆಮೇಲೆ ಕೆಲಸಕ್ಕೆ ಹತ್ತಿರ ಅಂತ ರೂಮು ಮಾಡಿದಿರಿ. ವಾರಕ್ಕೊಮ್ಮೆ ಬರುತ್ತೇನೆ ಅಂದವರು ಬಟ್ಟೆ ತೆಗೆದುಕೊಂಡು ಹೋಗಲು ಬಂದದ್ದೇ ಕೊನೆ. ಫೋನು ಎತ್ತುವುದಿಲ್ಲ. ಹಿಂದೆ ಬರೆದ ಎರಡು ಪತ್ರಕ್ಕೂ ಒಂದು ಗೆರೆ ಉತ್ತರವಿಲ್ಲ. ಡಬ್ಬಿ ಬೇಕಾದಾಗ ಮಾತ್ರ ಅಕ್ಕನಿಗೆ ಫೋನು ಹೋಯಿತು.

ಇರಲಿ. ಜಗಳ ಬೇಡ. ಇವತ್ತು ಅಂಗಡಿಗೆ ರಜೆ. ಸ್ಕ್ರೂಡ್ರೈವರು ನೀವು ಬಿಟ್ಟುಹೋದ ಡ್ರಾಯರಿನಲ್ಲೇ ಇದೆ. ಸ್ಪೀಕರು ಬಿಚ್ಚಿ, ನನ್ನ ಹತ್ತಿ ತೆಗೆದುಕೊಂಡು, ಗವಸಿಗೆ ತುಂಬಿ ಹೊಲಿದುಬಿಡುತ್ತೇನೆ. ಬರಿದಾದ ಡಬ್ಬಿ ನಾಳೆ ನಿಮಗೆ ಬರುತ್ತದೆ, ಈ ಪತ್ರ ಅಕ್ಕನ ಕೈಯಲ್ಲಿ. ಮತ್ತೆ ಗುಂಯ್ ಅಂದರೆ ನನ್ನನ್ನು ಬೈಯಬೇಡಿ. ಅಳತೆ ಹಿಡಿದದ್ದು ನಾನಾದರೂ ಲೆಕ್ಕ ಹಾಕಿದ್ದು ನೀವು.

ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಅಂತ ಕೇಳಬಾರದು ಅಂದುಕೊಂಡಿದ್ದೆ. ಕೇಳಿಬಿಟ್ಟೆ.

ಇಂತಿ,
ನಿಮ್ಮ ಟೇಪಿನ ಇನ್ನೊಂದು ತುದಿ ಹಿಡಿದವಳು

ಮತ್ತೆ ಬರೆದದ್ದು: ಪತ್ರ ಮಡಚಿಟ್ಟು ಡಬ್ಬಿ ಬಿಚ್ಚಿದೆ. ಒಳಗಿರುವುದು ಹತ್ತಿಯಲ್ಲ. ಗೊಂಬೆಗೆ ತುಂಬುವ ಜಾರು ನಾರು, ನೀವು ಯಾವುದೋ ಅಂಗಡಿಯಿಂದ ತಂದ ಹೊಸದು. ನನ್ನ ಕೆಲಸವೇ ಅದು, ಮುಟ್ಟಿದ ತಕ್ಷಣ ಗೊತ್ತಾಯಿತು. ಆದರೂ ಅಡಿಯಲ್ಲಿ ಇರಬಹುದು ಅಂತ ಎಲ್ಲ ಎಳೆದು ಹಾಕಿ, ಭುಜದವರೆಗೆ ತೋಳು ತೂರಿಸಿ ಹುಡುಕಿದೆ. ನಾನು ತೀಡಿದ ಅಂಟಿನ ಮೂಲೆಗಳು ಸಿಕ್ಕವು. ಒಂದು ಎಳೆ ಹತ್ತಿ ಇಲ್ಲ. ಹಾಗಾದರೆ ನಾನು ಇಷ್ಟು ದಿನ ಕೈಯಿಟ್ಟುಕೊಂಡು ಕೂತದ್ದು ಯಾತರ ಮೇಲೆ? ನೀವು ನೋಡುತ್ತಾ ಸುಮ್ಮನಿದ್ದಿರಲ್ಲ. ನಾರನ್ನು ಇದ್ದ ಹಾಗೇ ತುಂಬಿ, ನೀವು ಹೇಳಿಕೊಟ್ಟ ಹಾಗೆ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡಿದ್ದೇನೆ, ಗಾಳಿ ಸೋರುವುದಿಲ್ಲ. ಡಬ್ಬಿ ಒಯ್ಯಿರಿ, ಅದರಲ್ಲಿ ನನ್ನದೇನೂ ಇಲ್ಲ. ಹತ್ತಿ ಎಲ್ಲಿಟ್ಟಿದ್ದೀರಿ ಅಂತ ಒಂದು ಸಾಲು ಬರೆಯಿರಿ. ಎಸೆದಿದ್ದರೆ ಬರೆಯಬೇಡಿ.